ಉಳಿದ ನಾಲ್ಕು ನಿಮಿಷ

ಆ ವಿಶ್ವವಿದ್ಯಾಲಯದ ಒಂಬತ್ತು ಸಾವಿರ ವಿದ್ಯಾರ್ಥಿಗಳಿಗೆ ಇದ್ದದ್ದು ಒಬ್ಬಳೇ ಆಪ್ತಸಮಾಲೋಚಕಿ. ವಯಸ್ಸು ನಲವತ್ತೇಳು, ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಅವಳಿಗೆ ಕೊಟ್ಟಿದ್ದ ಕೋಣೆ ಮೊದಲು ಉತ್ತರಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಡುತ್ತಿದ್ದ ಉಗ್ರಾಣವಾಗಿತ್ತು. ಇದ್ದ ಒಂದೇ ಕಿಟಕಿ ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆದುಕೊಳ್ಳುತ್ತಿತ್ತು. ಒಳಗೆ ಯಾರಾದರೂ ಅಳುತ್ತಿದ್ದರೆ ಹೊರಗೆ ಸೈಕಲ್ ತೆಗೆಯುವವರು ತಲೆ ತಗ್ಗಿಸಿಕೊಂಡು, ಬೆಲ್ಲು ಹೊಡೆಯದೆ ತಳ್ಳಿಕೊಂಡು ಹೋಗುತ್ತಿದ್ದರು. ಹುಡುಗರಿಗೆ ಅಷ್ಟು ಸೂಕ್ಷ್ಮ ಇತ್ತು.

ಅವಳನ್ನು ಕಾಣಬೇಕೆಂದರೆ ಐದು ವಾರ ಕಾಯಬೇಕು. ಐದು ವಾರದಲ್ಲಿ ಒಂದು ಪ್ರೀತಿ ಮುರಿದು ಇನ್ನೊಂದು ಹುಟ್ಟಿಕೊಂಡಿರುತ್ತದೆ, ಪರೀಕ್ಷೆ ಬಂದು ಹೋಗಿರುತ್ತದೆ, ಒಬ್ಬಿಬ್ಬರ ವಿಷಯದಲ್ಲಿ ಆಗಬಾರದ್ದೂ ಆಗಿಹೋಗಿರುತ್ತದೆ. ಅಂಥದ್ದು ಒಮ್ಮೆ ಆಗಿತ್ತು ಕೂಡ. ಕಾಯುವವರ ಪಟ್ಟಿಯಲ್ಲಿ ನೂರ ಮೂವತ್ತೊಂದನೆಯ ಹೆಸರಾಗಿದ್ದ ಒಬ್ಬ ಹುಡುಗನ ಸರದಿ ಬಂದಾಗ ಕರೆಯಲು ಅವನೇ ಇರಲಿಲ್ಲ. ಆ ಮೇಲೆ ಅವಳು ಹತ್ತು ದಿನ ರಜೆ ಹಾಕಿ ಎಲ್ಲಿಗೋ ಹೋಗಿ ಮೈಂಡ್‌ಫುಲ್‌ನೆಸ್ ತರಬೇತಿ ಪಡೆದು ಬಂದಳು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರೆ ದಿನಕ್ಕೆ ಆರು ಜನ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಉಸಿರಿನ ಮೇಲೆ ಗಮನ ಇಡುವುದನ್ನು ಕಲಿಸಿದರೆ ಅರವತ್ತು ಜನ. ಲೆಕ್ಕ ಸರಿಯಾಗಿಯೇ ಇತ್ತು.

ನೃತ್ಯಾಭ್ಯಾಸದ ಹಾಲ್‌ನಲ್ಲಿ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಮೂರೂವರೆಗೆ ತರಗತಿ. ಚಾಪೆ ಹಾಸುವುದು, ಕಿಟಕಿ ಪರದೆ ಎಳೆಯುವುದು, ಮೊಬೈಲುಗಳನ್ನು ಬುಟ್ಟಿಗೆ ಹಾಕಿಸುವುದು ಎಲ್ಲ ಆ ಹಾಲ್‌ನ ಉಸ್ತುವಾರಿ ಹೆಂಗಸಿನ ಕೆಲಸ. ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಆಕೆ ಬೀಗದಮ್ಮ. ಮೊದಮೊದಲು ಬೀಗದಮ್ಮ ಮೂಗು ಮುರಿದಿದ್ದಳು. "ಉಸಿರಾಡೋದನ್ನೂ ಹೇಳಿಕೊಡಬೇಕಾ ಮೇಡಂ ಈಗಿನ ಮಕ್ಕಳಿಗೆ?" ಎಂದಿದ್ದಳು. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಹಾಲ್ ತುಂಬತೊಡಗಿತು. ವಾದ ಮಂಡಿಸಲು ನಿಲ್ಲುವ ಮುಂಚೆ ಪ್ರತಿ ಸಲ ವಾಂತಿ ಮಾಡಿಕೊಳ್ಳುತ್ತಿದ್ದ ಕಾನೂನು ವಿಭಾಗದ ಹುಡುಗನೊಬ್ಬ, "ಮೇಡಂ, ಈ ಸಲ ಬರೀ ಕೈ ನಡುಗಿತು, ಅಷ್ಟೇ" ಎಂದು ಹಲ್ಲು ಕಿರಿಯುತ್ತ ಬಂದು ಹೇಳಿದ. ಅವನ ಮಾತು ಕೇಳಿ ಅವನ ತರಗತಿಯವರೆಲ್ಲ ಬಂದರು. ಸಮಾಲೋಚಕಿಗೆ ಉಸಿರು ಮೇಡಂ ಎಂದು ಹೆಸರು ಬಿತ್ತು.

ಮನೆಯಲ್ಲಿ ಇದ್ದದ್ದು ಅವಳೂ ಅವಳ ಅಕ್ಕನೂ. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು, ನೇರ ಮಾತಿನವಳು. ಹೊಸ ಹೆಸರಿನ ಸುದ್ದಿ ಕೇಳಿ, "ಪರವಾಗಿಲ್ಲ ಬಿಡು. ನಾನು ಮೂವತ್ತೆಂಟು ವರ್ಷ ದುಡಿದೆ, ನನ್ನನ್ನ ಕೊನೇವರೆಗೂ ಸೂಜಿ ಸಿಸ್ಟರ್ ಅಂತಲೇ ಕರೆದರು" ಎಂದು ನಕ್ಕಳು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ಏಣಿ ಬಂದಳು.

ಏಣಿ ಎಂದರೆ ಪಶುವೈದ್ಯಕೀಯ ಎರಡನೇ ವರ್ಷದ ಹುಡುಗಿ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದಳು, ಅಷ್ಟು ಎತ್ತರ. ಹೆಸರು ಕೇಳಿದರೆ ಹೆಸರಿನ ಜೊತೆಗೆ, "ಎಲ್ಲರೂ ಏಣಿ ಅಂತಾರೆ, ನೀವೂ ಹಾಗೇ ಕರೀಬಹುದು" ಎಂದು ತಾನೇ ಹೇಳಿದಳು. ಮೊದಲೇ ಸಮಯ ತೆಗೆದುಕೊಂಡು ಬಂದವಳಲ್ಲ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ಹತ್ತು ನಿಮಿಷದಲ್ಲಿ ತಲೆ ಹಾಕಿದವಳು.

"ನಿದ್ದೆ ಬರಲ್ಲ ಮೇಡಂ. ಓದೋಕೆ ಕೂತರೆ ಎದೆ ಹೊಡ್ಕೊಳ್ಳುತ್ತೆ. ಎದ್ದು ಓಡಾಡಿದರೆ ಸರಿಹೋಗುತ್ತೆ."

"ಎಷ್ಟು ದಿನದಿಂದ?"

"ಹೋದ ವರ್ಷದಿಂದ."

ಹೋದ ವರ್ಷ ಏನಾಯಿತು ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಆದರೆ ಬಾಗಿಲಾಚೆ ಮುಂದಿನವನ ಚಪ್ಪಲಿ ಸದ್ದು ಕೇಳುತ್ತಿತ್ತು. ಅವನು ಐದು ವಾರ ಕಾದವನು. ಅವಳು ಒಂದು ಅರ್ಜಿ ನಮೂನೆ ಕೊಟ್ಟು, "ಇದನ್ನ ತುಂಬಿಕೊಡು. ಒಬ್ಬಳೇ ಬಂದು ಮಾತಾಡೋಕೆ ಮುಂದಿನ ತಿಂಗಳು ಆಗುತ್ತೆ. ಅಲ್ಲೀವರೆಗೆ ಸುಮ್ಮನೆ ಕೂರೋದ್ಯಾಕೆ, ಗುರುವಾರ ಕ್ಲಾಸಿಗೆ ಬಾ" ಎಂದಳು. ಹುಡುಗಿ ಗೋಡೆಗೆ ಹಾಳೆ ಒತ್ತಿ ಹಿಡಿದು ನಿಂತೇ ಬರೆದಳು. ತಿರುಗಿಸಿ ಹಿಂಬದಿಗೂ ಬರೆದಳು. ಸಮಾಲೋಚಕಿ ಮುಂಬದಿ ನೋಡಿ, ಸಹಿ ಹಾಕಿ, ಫೈಲಿಗೆ ಸೇರಿಸಿ ಮುಂದಿನವನನ್ನು ಕರೆದಳು.

ಏಣಿ ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಬೀಗದಮ್ಮನ ಜೊತೆ ಚಾಪೆ ಹಾಸುತ್ತಿದ್ದಳು. ಎತ್ತರದ ಕಿಟಕಿಯ ಪರದೆಗೆ ಕೋಲು ಬೇಕಿಲ್ಲವಾಯಿತು ಎಂದು ಬೀಗದಮ್ಮನಿಗೆ ಖುಷಿ. ಮೂರನೆಯ ತರಗತಿಯಲ್ಲಿ ಸಮಾಲೋಚಕಿ ಸಾಲುಗಳ ನಡುವೆ ಮೆಲ್ಲನೆ ನಡೆಯುತ್ತ, "ಒಳಗೆ ಬರೋ ಉಸಿರನ್ನ ಗಮನಿಸಿ. ಹೊರಗೆ ಹೋಗೋ ಉಸಿರನ್ನ ಗಮನಿಸಿ. ಒಂದು. ಎರಡು" ಎಂದು ಹೇಳುತ್ತಿದ್ದಾಗ ಕಣ್ಣು ತೆರೆದೇ ಕೂತಿದ್ದ ಅವಳನ್ನು ಕಂಡಳು. ಅರವತ್ತು ಜನರಲ್ಲಿ ಕಣ್ಣು ಬಿಟ್ಟಿದ್ದವಳು ಅವಳೊಬ್ಬಳೇ. ಬಗ್ಗಿ, ಭುಜದ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಹೇಳಿದಳು.

"ಕಣ್ಣು ಮುಚ್ಚಮ್ಮ."

ಹುಡುಗಿ ಮುಚ್ಚಿದಳು. ಕೈಯಡಿಯಲ್ಲಿ ಭುಜ ಬಿಗಿದದ್ದು ಸಮಾಲೋಚಕಿಗೆ ಗೊತ್ತಾಯಿತು. ಹೊಸಬರಿಗೆಲ್ಲ ಹಾಗೇ ಆಗುತ್ತದೆ ಎಂದುಕೊಂಡು ಮುಂದೆ ಹೋದಳು.

ತರಗತಿ ಮುಗಿದ ಮೇಲೆ ಏಣಿ ಚಾಪೆ ಸುತ್ತುತ್ತ ಉಳಿದಳು.

"ಮೇಡಂ, ನನಗೆ ಕಣ್ಣು ಮುಚ್ಚಿದರೆ ಶಬ್ದ ಕೇಳುತ್ತೆ."

"ಎಂಥ ಶಬ್ದ?"

"ಉಸಿರಿಂದು."

"ಅದನ್ನೇ ಅಲ್ವಾ ಕೇಳಿಸಿಕೊಳ್ಳಬೇಕಾದ್ದು?"

"ಅಲ್ಲ, ಇದು..." ಹುಡುಗಿ ಸುತ್ತಿದ ಚಾಪೆಯನ್ನು ಮತ್ತೆ ಬಿಚ್ಚಿ ಸುತ್ತಿದಳು. "ಎಣಿಸಬೇಕು ಅನ್ಸುತ್ತೆ. ತಪ್ಪಿಹೋಗುತ್ತೆ ಅನ್ಸುತ್ತೆ."

ಸಮಾಲೋಚಕಿ ಅವಳ ತೋಳು ತಟ್ಟಿದಳು. "ತಪ್ಪಿದರೆ ತಪ್ಪಲಿ, ಮತ್ತೆ ಒಂದರಿಂದ ಶುರು ಮಾಡು. ಏನೇ ಬಂದರೂ ದೂಡಬೇಡ, ಹಿಡಿಯಲೂ ಬೇಡ. ಬರುತ್ತೆ, ಹೋಗುತ್ತೆ. ನೀನು ಸುಮ್ಮನೆ ನೋಡ್ತಾ ಇರು."

ತರಬೇತಿಯಲ್ಲಿ ಅವಳಿಗೆ ಬಹಳ ಹಿಡಿಸಿದ್ದ ಮಾತು ಅದು. ಎಷ್ಟೋ ಜನಕ್ಕೆ ಹೇಳಿದ್ದಳು, ಎಷ್ಟೋ ಜನಕ್ಕೆ ಅದರಿಂದ ಒಳ್ಳೆಯದಾಗಿತ್ತು. ಹುಡುಗಿ ತಲೆಯಾಡಿಸಿದಳು. ಹೇಳಿದ್ದನ್ನು ಮಾಡುವ ಜಾತಿಯ ಹುಡುಗಿ ಅದು. ಅಂಥವರನ್ನು ಕಂಡರೆ ಯಾವ ಮೇಷ್ಟರಿಗಾದರೂ ಅಕ್ಕರೆ, ಸಮಾಲೋಚಕಿಗೂ ಅಕ್ಕರೆಯೇ.

ಒಂದು ದಿನ ಮನೆಯಲ್ಲಿ ತರಕಾರಿ ಹೆಚ್ಚುತ್ತ ಅವಳ ಸುದ್ದಿ ತೆಗೆದಳು. "ಇಷ್ಟೆತ್ತರ ಇದ್ದಾಳೆ ಅಕ್ಕ, ಒಂದು ದಿನ ತಪ್ಪಿಸಲ್ಲ. ಆದರೆ ಮುಖ ನೋಡಿದರೆ ಇಳಿದುಹೋಗ್ತಾ ಇದೆ."

"ಅವಳ ಮನೇಲಿ ಯಾರ್ಯಾರಿದ್ದಾರೆ?" ಎಂದು ಅಕ್ಕ ಕೇಳಿದಳು.

ಸಮಾಲೋಚಕಿಯ ಚಾಕು ನಿಂತಿತು. ಗೊತ್ತಿರಲಿಲ್ಲ. "ಮುಂದಿನ ತಿಂಗಳು ಅವಳ ಸರದಿ ಇದೆ, ಆಗ ಎಲ್ಲ ಕೇಳ್ತೀನಿ" ಎಂದಳು.

ಮುಂದಿನ ತಿಂಗಳು ಬರುವ ಮುಂಚೆ ತಪಾಸಣಾ ಸಮಿತಿ ಬಂತು.

ಐದು ವರ್ಷಕ್ಕೊಮ್ಮೆ ಬರುವ ಸಮಿತಿ. ಗೋಡೆಗಳಿಗೆ ಸುಣ್ಣ ಬಿತ್ತು, ಕೆಟ್ಟ ನಲ್ಲಿಗಳು ರಿಪೇರಿಯಾದವು. ಕುಲಪತಿಗಳು ಸಮಾಲೋಚಕಿಯನ್ನು ಕರೆಸಿ, "ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಏನು ಮಾಡಿದ್ದೀರಿ ಅಂತ ಕೇಳೇ ಕೇಳ್ತಾರೆ. ನಿಮ್ಮ ಕ್ಲಾಸು ಒಂದೇ ನಮ್ಮ ಮರ್ಯಾದೆ ಉಳಿಸೋದು" ಎಂದರು. ಅವಳು ಇನ್ನೊಬ್ಬ ಸಮಾಲೋಚಕರನ್ನು ಕೊಡಿ ಎಂದು ಏಳು ವರ್ಷದಿಂದ ಬರೆದ ಪತ್ರಗಳು ಎಲ್ಲಿ ಹೋಗಿದ್ದವೋ ಯಾರಿಗೂ ಗೊತ್ತಿಲ್ಲ. ಸಮಿತಿಯವರು ಮೆಚ್ಚಿದರೆ ಆ ಹುದ್ದೆ ಮಂಜೂರಾಗುತ್ತದೆ ಎಂದು ಕುಲಪತಿಗಳು ಸೂಚಿಸಿದರು. ಹಾಗಾಗಿ ಆ ಗುರುವಾರ ಅವಳು ಮೈಯೆಲ್ಲ ಎಚ್ಚರವಾಗಿದ್ದಳು. ತಪ್ಪದೆ ಬರುವವರನ್ನು ಆರಿಸಿ ಮುಂದಿನ ಸಾಲಿಗೆ ಕೂರಿಸಿದಳು. ಏಣಿಗೆ ನಡುಮಧ್ಯದ ಜಾಗ.

"ನಾನು ಹಿಂದೆ ಕೂರ್ತೀನಿ ಮೇಡಂ, ನನ್ನ ಹಿಂದಿನವರಿಗೆ ಏನೂ ಕಾಣಲ್ಲ" ಎಂದಳು ಹುಡುಗಿ.

"ಕಣ್ಣು ಮುಚ್ಚಿಕೊಂಡು ಕೂರೋರಿಗೆ ಏನು ಕಾಣಬೇಕು?" ಎಂದು ಸಮಾಲೋಚಕಿ ನಕ್ಕಳು. ಹುಡುಗಿಯೂ ನಕ್ಕು ಕೂತಳು.

ಗೋಡೆಯ ಪಕ್ಕ ಕುರ್ಚಿಗಳಲ್ಲಿ ಕುಲಪತಿಗಳು, ಸಮಿತಿಯ ನಾಲ್ವರು. ಇಪ್ಪತ್ತು ನಿಮಿಷದ ಅಭ್ಯಾಸ. ಹದಿನಾರನೆಯ ನಿಮಿಷದವರೆಗೆ ಹಾಲ್‌ನಲ್ಲಿ ಅರವತ್ತು ಜನರ ಉಸಿರು ಬಿಟ್ಟು ಬೇರೆ ಸದ್ದಿರಲಿಲ್ಲ. ಆಮೇಲೆ ಒಂದು ಉಸಿರು ಬೇರೆಯಾಯಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ಎಳೆದೆಳೆದು ಬರುವ ಉಸಿರು. ಏಣಿಯ ಎರಡೂ ಕೈಗಳು ಚಾಪೆಯ ಅಂಚನ್ನು ಹಿಡಿದುಕೊಂಡಿದ್ದವು. ತುಟಿ ನೀಲಿಗಟ್ಟುತ್ತಿತ್ತು. ಕಣ್ಣು ಮಾತ್ರ ಮುಚ್ಚಿಯೇ ಇತ್ತು, ಬಲವಂತವಾಗಿ, ರೆಪ್ಪೆಗಳು ಸುಕ್ಕುಗಟ್ಟುವಷ್ಟು. ಆಮೇಲೆ ಅವಳು ಪಕ್ಕಕ್ಕೆ ಉರುಳಿದಳು. ಪಕ್ಕದವಳು ಕಿರುಚಿಕೊಂಡಳು. ಹಾಲ್‌ನಲ್ಲಿದ್ದವರೆಲ್ಲ ಕಣ್ಣು ತೆರೆದರು.

ಏನು ಮಾಡಬೇಕೆಂದು ಸಮಾಲೋಚಕಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ಜನರಿಗೆ ಹೀಗಾದಾಗ ಪಕ್ಕದಲ್ಲಿ ಕೂತಿಲ್ಲ ಅವಳು! ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಕುರ್ಚಿಗಳು ಕಿರುಗುಟ್ಟಿದವು, ಕುಲಪತಿಗಳು ಅರ್ಧ ಎದ್ದಿದ್ದರು, ಅವರ ಮುಖ ನೋಡಿದಳು. ಆ ಹೆಜ್ಜೆ ಅಲ್ಲೇ ನಿಂತಿತು.

"ಗಾಬರಿ ಬೇಡ," ಎಂದಳು. ದನಿ ಅವಳಿಗೇ ಆಶ್ಚರ್ಯವಾಗುವಷ್ಟು ಶಾಂತವಾಗಿತ್ತು. "ಕೆಲವರಿಗೆ ಹೀಗಾಗೋದು ಸಹಜ. ಒಳಗೆ ಕಟ್ಟಿಕೊಂಡಿದ್ದು ಹೊರಗೆ ಬರುತ್ತೆ. ಅವರನ್ನ ಸ್ವಲ್ಪ ಗಾಳಿಗೆ ಕರ್ಕೊಂಡು ಹೋಗಿ. ನಾವೆಲ್ಲ ಮತ್ತೆ ಕಣ್ಣು ಮುಚ್ಚೋಣ. ಇನ್ನು ನಾಲ್ಕೇ ನಿಮಿಷ."

ಬಾಗಿಲ ಬಳಿ ನಿಂತಿದ್ದ ಬೀಗದಮ್ಮ ಬಂದು ಹುಡುಗಿಯ ಕಂಕುಳಲ್ಲಿ ಕೈ ಕೊಟ್ಟು ಎತ್ತಿದಳು. ಅವಳ ತಲೆ ಏಣಿಯ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಹೇಗೆ ನಡೆಸಿಕೊಂಡು ಹೋದಳೋ. ಬಾಗಿಲು ಮುಚ್ಚಿತು. ಒಳಗೆ ಅಭ್ಯಾಸ ಮುಂದುವರಿಯಿತು. ಒಂದು. ಎರಡು. ಮೂರು. ನಾಲ್ಕು ನಿಮಿಷ ಅವಳು ಅರವತ್ತು ಜನಕ್ಕೆ, ಅಲ್ಲ, ಐವತ್ತೊಂಬತ್ತು ಜನಕ್ಕೆ, ಉಸಿರನ್ನು ಗಮನಿಸಲು ಹೇಳಿದಳು. ಬಾಗಿಲಾಚೆಯ ಮೆಟ್ಟಿಲಿನಿಂದ ಬಿಕ್ಕುವ ಸದ್ದು ಕೇಳುತ್ತಿತ್ತು. ಅದನ್ನು ಅವಳು ಗಮನಿಸಲಿಲ್ಲವೆಂದಲ್ಲ.

ಮುಗಿದ ಮೇಲೆ ಸಮಿತಿಯ ಹಿರಿಯ ಹೆಂಗಸು ಅವಳ ಕೈ ಹಿಡಿದುಕೊಂಡು, "ಎಷ್ಟು ಸಂಯಮದಿಂದ ನಿಭಾಯಿಸಿದಿರಿ. ನಾನಾಗಿದ್ದರೆ ಕೈಕಾಲು ಬಿಟ್ಟುಬಿಡ್ತಿದ್ದೆ" ಎಂದರು. ಕುಲಪತಿಗಳು ಮುಗುಳ್ನಕ್ಕರು. ಅವರನ್ನೆಲ್ಲ ಕಾರಿನವರೆಗೆ ಕಳಿಸಿ ಅವಳು ಓಡುತ್ತ ವಾಪಸು ಬಂದಾಗ ಮೆಟ್ಟಿಲ ಮೇಲೆ ಬೀಗದಮ್ಮ ಒಬ್ಬಳೇ ಕೂತಿದ್ದಳು.

"ಎಲ್ಲಿ ಅವಳು?"

"ಹಾಸ್ಟೆಲಿಗೆ ಬಿಟ್ಟು ಬಂದೆ. ಒಬ್ಬಳು ಹುಡುಗಿ ಜೊತೆಗಿದ್ದಾಳೆ."

"ಏನಾದರೂ ಹೇಳಿದ್ಲಾ?"

ಬೀಗದಮ್ಮ ಮಂಡಿಗೆ ಕೈಕೊಟ್ಟು ಎದ್ದಳು. "ಯಾರು ನೆನಪಾದರು ಮಗಳೇ ಅಂತ ಕೇಳಿದೆ. ಅಪ್ಪ ಅಂದ್ಲು. ಅವರಪ್ಪ ಮನೇಲೇ ಹಾಸಿಗೆ ಹಿಡಿದಿದ್ದರಂತೆ, ಎಂಟು ತಿಂಗಳು. ಶ್ವಾಸಕೋಶದ ಕಾಯಿಲೆ. ಇವಳೇ ಪಕ್ಕದಲ್ಲಿ ಕೂತು ಉಸಿರು ಎಣಿಸ್ತಿದ್ದಳಂತೆ. ನಿಮಿಷಕ್ಕೆ ಹತ್ತಕ್ಕಿಂತ ಕಮ್ಮಿ ಆದರೆ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಹೇಳಿದ್ದರಂತೆ." ಆಮೇಲೆ ಕೇಳಿದಳು. ಆಪಾದನೆಯ ದನಿಯಲ್ಲ, ನಿಜವಾಗಿ ತಿಳಿಯದೆ ಕೇಳಿದ ಹಾಗಿತ್ತು. "ನೀವು ಕೇಳಿರಲಿಲ್ವಾ ಮೇಡಂ?"

ಸಮಾಲೋಚಕಿ ಹಾಸ್ಟೆಲಿಗೆ ಹೋದಳು. ಏಣಿ ಮಲಗಿದ್ದಾಳೆ, ಯಾರನ್ನೂ ನೋಡುವುದಿಲ್ಲ ಅಂದಿದ್ದಾಳೆ ಎಂದು ವಾರ್ಡನ್ ಹೇಳಿದರು. ಮರುದಿನ ಬೆಳಗ್ಗೆ ಹೋದರೆ ಕೋಣೆಯೇ ಖಾಲಿ. ಸೋದರಮಾವ ಬಂದು ಕರೆದುಕೊಂಡು ಹೋಗಿದ್ದರು.

ತನ್ನ ಕೋಣೆಗೆ ಬಂದು ಫೈಲು ತೆಗೆದಳು. ಏಣಿಯ ಅರ್ಜಿಯ ಮುಂಬದಿಯಲ್ಲಿ ಹೆಸರು, ವಿಭಾಗ, ತೊಂದರೆ ಏನು ಎಂಬಲ್ಲಿ 'ನಿದ್ದೆ'. ಹಾಳೆ ತಿರುಗಿಸಿದಳು. 'ಇತ್ತೀಚೆಗೆ ಮನೆಯಲ್ಲಿ ನಡೆದ ಮುಖ್ಯ ಘಟನೆ ಏನಾದರೂ ಇದ್ದರೆ ಬರೆಯಿರಿ' ಎಂಬುದರ ಕೆಳಗೆ, ಗೋಡೆಗೆ ಒತ್ತಿ ಬರೆದದ್ದಕ್ಕೆ ಅಂಕುಡೊಂಕಾದ ಅಕ್ಷರದಲ್ಲಿ, ಒಂದೇ ಸಾಲು. 'ಅಪ್ಪ ತೀರಿಕೊಂಡರು. ನಾನೊಬ್ಬಳೇ ಪಕ್ಕದಲ್ಲಿದ್ದೆ.' ಆ ನಮೂನೆಯನ್ನು ತಯಾರಿಸಿದವಳು ಅವಳೇ. ಆ ಪ್ರಶ್ನೆ ಇರಲೇಬೇಕೆಂದು ಹಟ ಹಿಡಿದು ಹಾಕಿಸಿದವಳೂ ಅವಳೇ.

ಫೋನು ಮಾಡಿದಳು. ಮೂರನೆಯ ಸಲಕ್ಕೆ ಸೋದರಮಾವ ಎತ್ತಿದರು.

"ನೀವು ಆ ಉಸಿರಿನ ಮೇಡಂ ಅಲ್ವಾ?"

"ಹೌದು. ಅವಳ ಜೊತೆ ಒಂದು ನಿಮಿಷ..."

"ಅವಳು ಮಾತಾಡಲ್ಲ. ನಿಮ್ಮ ಮೇಲೆ ಸಿಟ್ಟೇನೂ ಇಲ್ಲ ಅಂತ ಹೇಳು ಅಂದಿದ್ದಾಳೆ, ಹೇಳಿದೀನಿ." ಫೋನು ಇಟ್ಟರು.

ಸಿಟ್ಟಿಲ್ಲ ಎಂಬ ಮಾತು ಅವಳನ್ನು ತಿಂದ ಹಾಗೆ ಬೈಗುಳ ತಿನ್ನುತ್ತಿರಲಿಲ್ಲ. ಎರಡು ವಾರ ತರಗತಿ ನಿಲ್ಲಿಸಿದಳು. ಮೂರನೆಯ ವಾರ ಕಾನೂನಿನ ಹುಡುಗ ಬಂದು ಬಾಗಿಲಲ್ಲಿ ನಿಂತು, "ಮೇಡಂ, ಸೋಮವಾರದಿಂದ ಪರೀಕ್ಷೆ. ಕ್ಲಾಸು ಇಲ್ಲ ಅಂದರೆ ನಾವೇನು ಮಾಡೋದು?" ಎಂದ. ಮತ್ತೆ ಶುರು ಮಾಡಿದಳು. ಆದರೆ ಬರುವ ಪ್ರತಿಯೊಬ್ಬರನ್ನೂ ಮೊದಲು ಕೂರಿಸಿಕೊಂಡು, ಹಾಳೆಯ ಎರಡೂ ಬದಿ ಓದಿ, ಕಣ್ಣು ಮುಚ್ಚಿದರೆ ಏನು ಕಾಣುತ್ತದೆ, ಏನು ಕೇಳುತ್ತದೆ ಎಂದು ವಿಚಾರಿಸತೊಡಗಿದಳು. ಬೇಡವೆನ್ನುವವರಿಗೆ ಕಣ್ಣು ತೆರೆದಿರಲು, ಎದ್ದು ಹೋಗಲು ಬಿಟ್ಟಳು. ಅರವತ್ತು ಜನರ ತರಗತಿ ಹದಿನೆಂಟಕ್ಕೆ ಇಳಿಯಿತು. ಕಾಯುವವರ ಪಟ್ಟಿ ಏಳು ವಾರಕ್ಕೆ ಬೆಳೆಯಿತು.

ಅಷ್ಟರಲ್ಲಿ ಸಮಿತಿಯ ವರದಿ ಬಂತು. ಅದರಲ್ಲಿ ಅವಳ ತರಗತಿಯ ಬಗ್ಗೆ ಇಡೀ ಒಂದು ಪುಟ. 'ಅನಿರೀಕ್ಷಿತ ಸಂದರ್ಭದಲ್ಲಿಯೂ ಸಮಾಲೋಚಕರು ತೋರಿದ ಸಂಯಮ ಮಾದರಿಯಾದುದು' ಎಂದಿತ್ತು. ಎರಡನೆಯ ಸಮಾಲೋಚಕರ ಹುದ್ದೆ ಮಂಜೂರಾಯಿತು. ಏಳು ವರ್ಷ ಅವಳ ಪತ್ರಗಳಿಂದ ಆಗದ್ದು ಆ ನಾಲ್ಕು ನಿಮಿಷದಿಂದ ಆಗಿತ್ತು. ಹೊಸದಾಗಿ ಬಂದವನು ಮೃದು ಮಾತಿನ ಯುವಕ. ಅವನು ಬಂದ ಮೇಲೆ ಏಳು ವಾರದ ಕಾಯುವಿಕೆ ಎರಡು ವಾರಕ್ಕೆ ಇಳಿಯಿತು. ಆ ಮಂಜೂರಾತಿ ಪತ್ರವನ್ನು ಅವಳು ಅಕ್ಕನಿಗೆ ತೋರಿಸಿದಳು. ಅಕ್ಕ ಓದಿ, ಕನ್ನಡಕ ತೆಗೆದು, "ಕುಲಪತಿಗಳಿಗೆ ನಡೆದದ್ದು ನಡೆದ ಹಾಗೆ ಹೇಳಿದ್ಯಾ?" ಎಂದು ಕೇಳಿದಳು.

"ಹೇಳಿದೆ. ಈಗ ಅದನ್ನೆಲ್ಲ ಕೆದಕಬೇಡಿ ಅಂದರು."

"ಆ ಹುಡುಗಿಗೆ?"

"ಅವಳು ಮಾತಾಡಲ್ಲ ಅಂದಿದ್ದಾಳಲ್ಲ."

"ಫೋನಲ್ಲಿ ಮಾತಾಡಲ್ಲ ಅಂದಿದ್ದು," ಎಂದಳು ಅಕ್ಕ. "ನಾನು ಒಂದು ಸಲ ತಪ್ಪು ಔಷಧಿ ಕೊಟ್ಟಿದ್ದೆ, ನೆನಪಿದೆಯಾ ನಿನಗೆ? ಆತ ಬದುಕಿಕೊಂಡ. ನಾನು ಹೋಗಿ ಹೇಳಲಿಲ್ಲ. ಡಾಕ್ಟರೂ ಬೇಡ ಅಂದರು. ಆತ ಡಿಸ್ಚಾರ್ಜ್ ಆಗೋವಾಗ ನನಗೆ ಕೈ ಮುಗಿದು ಹೋದ. ಮೂವತ್ತು ವರ್ಷ ಆಯ್ತು, ಆ ಕೈಗಳು ಇನ್ನೂ ಕಾಣ್ತವೆ ನನಗೆ. ಹೋಗಿ ಬಾ."

ಹೋದಳು. ಎಂಟು ತಿಂಗಳು ತಡವಾಗಿ, ಎರಡು ಬಸ್ಸು ಬದಲಿಸಿ. ಮನೆಯಲ್ಲಿ ಹುಡುಗಿಯ ತಾಯಿಯಿದ್ದಳು, ಹೊಲಿಗೆ ಯಂತ್ರದ ಮುಂದೆ. ಬಂದವಳು ಯಾರೆಂದು ತಿಳಿದಾಗ ಬಾಗಿಲು ಮುಚ್ಚಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. ಕತ್ತರಿ ಹಿಡಿದ ಕೈಯಿಂದಲೇ ಬೀದಿಯ ತುದಿ ತೋರಿಸಿ, "ಅಲ್ಲಿ ನಾಯಿ ಬೆಕ್ಕಿನ ಕ್ಲಿನಿಕ್ ಇದೆ, ಅಲ್ಲಿರ್ತಾಳೆ" ಎಂದಳು.

ಕ್ಲಿನಿಕ್ಕಿನ ಹಿಂಭಾಗದಲ್ಲಿ ಏಣಿ ಒಂದು ಮುದಿ ನಾಯಿಗೆ ಸ್ನಾನ ಮಾಡಿಸುತ್ತಿದ್ದಳು. ತೊಟ್ಟಿಗೆ ಬಗ್ಗಿ ಬಗ್ಗಿ ಬೆನ್ನು ಸ್ವಲ್ಪ ಗೂನಾಗಿತ್ತು. ಸಮಾಲೋಚಕಿಯನ್ನು ಕಂಡು ಗಾಬರಿಯಾಗಲಿಲ್ಲ. ಮೊಣಕೈಯಿಂದ ಹಣೆಯ ನೊರೆ ಒರೆಸಿಕೊಂಡು, "ಬನ್ನಿ ಮೇಡಂ. ಆ ಸ್ಟೂಲು ಒದ್ದೆ ಇದೆ, ಈ ಕಡೆ ಕೂತ್ಕೊಳ್ಳಿ" ಎಂದಳು.

ಸಮಾಲೋಚಕಿ ಕೂರಲಿಲ್ಲ. "ನೀನು ಬರೆದುಕೊಟ್ಟಿದ್ದೆ. ನಾನು ಹಾಳೆ ತಿರುಗಿಸಿ ನೋಡಲಿಲ್ಲ" ಎಂದಳು. "ಆವತ್ತು ನಿನ್ನ ಹತ್ತಿರ ಬರಬೇಕಿತ್ತು. ಬರೋಕೆ ಆಗದೆ ಅಲ್ಲ. ಅವರ ಮುಂದೆ ಕ್ಲಾಸು ಕೆಡುತ್ತೆ ಅಂತ ಬರಲಿಲ್ಲ."

ಹುಡುಗಿ ನಾಯಿಯ ಕಿವಿಯೊಳಗೆ ನೀರು ಹೋಗದಂತೆ ಕೈ ಅಡ್ಡ ಹಿಡಿದು ನೀರು ಹಾಕಿದಳು.

"ಅಪ್ಪ ಹೋದ ದಿನ ಮಧ್ಯಾಹ್ನ ಮೂರು ಗಂಟೆ ಮೇಡಂ. ಅಮ್ಮ ಬಟ್ಟೆ ಕೊಟ್ಟು ಬರೋಕೆ ಹೋಗಿದ್ದಳು. ನಾನು ಅಪ್ಪನ ಪಕ್ಕ ಪುಸ್ತಕ ಹಿಡ್ಕೊಂಡು ಕೂತಿದ್ದೆ, ಎಣಿಸ್ತಾ ಇದ್ದೆ. ಹನ್ನೊಂದಿತ್ತು. ಸರಿ, ಹನ್ನೊಂದಿದೆಯಲ್ಲ ಅಂತ ಒಂದು ಸಲ ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಬಿಟ್ಟಾಗ ಶಬ್ದ ಇರಲಿಲ್ಲ."

ಸಮಾಲೋಚಕಿಗೆ ಹುಡುಗಿಯ ಬಿಗಿದ ಭುಜ ಅಂಗೈಯಲ್ಲಿ ಮತ್ತೆ ತಗುಲಿದಂತಾಯಿತು. ಕಣ್ಣು ಮುಚ್ಚಮ್ಮ. ಎಷ್ಟು ಅಕ್ಕರೆಯಿಂದ ಹೇಳಿದ್ದಳು.

"ಮತ್ತೆ ಯಾಕೆ ಬರ್ತಿದ್ದೆ ಪ್ರತಿ ಸಲ? ಆಗಲ್ಲ ಅಂತ ಎದ್ದು ಹೋಗಬಹುದಿತ್ತಲ್ಲ."

"ನೀವು ಒಳ್ಳೆಯವರು ಮೇಡಂ," ಎಂದಳು ಏಣಿ. "ಅದೇ ತೊಂದರೆ ಆಗಿದ್ದು. ಕೆಟ್ಟವರಾಗಿದ್ದರೆ ಮೊದಲನೇ ದಿನವೇ ಎದ್ದು ಹೋಗಿರ್ತಿದ್ದೆ. ನೀವು ಅಷ್ಟು ಪ್ರೀತಿಯಿಂದ ಹೇಳ್ತಾ ಇದ್ದೀರಿ, ಎಲ್ಲರಿಗೂ ಆಗ್ತಿದೆ, ನನಗೊಬ್ಬಳಿಗೆ ಆಗ್ತಿಲ್ಲ ಅಂದರೆ ತಪ್ಪು ನಂದೇ ಅಂದ್ಕೊಂಡೆ."

ನಾಯಿ ಮೈ ಕೊಡವಿತು. ಇಬ್ಬರ ಮೇಲೂ ನೀರು ಸಿಡಿಯಿತು. ಹುಡುಗಿ ಟವೆಲು ತೆಗೆದು ಮೊದಲು ಮೇಡಂಗೆ ಕೊಟ್ಟಳು.

ಅವಳ ಸೀಟನ್ನು ತಿಂಗಳ ಕೊನೆಯ ದಿನದವರೆಗೆ ಕಾದಿರಿಸಲು ಪಶುವೈದ್ಯಕೀಯ ವಿಭಾಗವನ್ನು ಒಪ್ಪಿಸಿರುವುದಾಗಿ ಸಮಾಲೋಚಕಿ ಹೇಳಿದಳು. ತನ್ನ ಹತ್ತಿರ ಬರಬೇಕಿಲ್ಲ, ಹೊಸಬರಿದ್ದಾರೆ, ಬೇಕಾದರೆ ಕಣ್ಣು ಬಿಟ್ಟುಕೊಂಡು, ನಡೆಯುತ್ತ ಮಾತಾಡಬಹುದು. ಬೇಡವೆಂದರೆ ಯಾರ ಹತ್ತಿರವೂ ಹೋಗಬೇಕಿಲ್ಲ, ಬರೀ ಓದಿದರೆ ಸಾಕು ಎಂದಳು.

"ಇಲ್ಲಿ ಡಾಕ್ಟರು ಚೆನ್ನಾಗಿ ನೋಡ್ಕೊಳ್ತಾರೆ. ನಿದ್ದೆ ಬರ್ತಿದೆ ಈಗ," ಎಂದಳು ಹುಡುಗಿ. ಆಮೇಲೆ, ಎದುರಿಗಿದ್ದವಳ ಮುಖ ನೋಡಿ, "ನೋಡ್ತೀನಿ ಮೇಡಂ" ಎಂದು ಸೇರಿಸಿದಳು. ಆ ಮಾತು ತನಗೆ ನೋವಾಗದಿರಲೆಂದು ಹೇಳಿದ್ದು ಎಂಬುದು ಸಮಾಲೋಚಕಿಗೆ ತಿಳಿಯದೆ ಇರಲಿಲ್ಲ. ಇನ್ನೊಬ್ಬರ ಮನಸ್ಸು ನೋಯಬಾರದೆಂದು ತಾನು ನುಂಗಿಕೊಳ್ಳುವ ಅದೇ ಹುಡುಗಿ.

ಆದರೂ ತಿಂಗಳ ಕೊನೆಯ ದಿನ ಅವಳು ಮಧ್ಯಾಹ್ನದ ಭೇಟಿಗಳನ್ನು ಹೊಸಬನಿಗೆ ವಹಿಸಿ ಪಶುವೈದ್ಯಕೀಯ ವಿಭಾಗದ ಕಚೇರಿಗೆ ಹೋಗಿ ಕೂತಳು. ಕೌಂಟರಿನ ಗುಮಾಸ್ತ ಮೊದಲು ನಮಸ್ಕಾರ ಮಾಡಿದ, ನಾಲ್ಕು ಗಂಟೆಗೆ ಚಹಾ ತರಿಸಿಕೊಟ್ಟ, ನಾಲ್ಕೂವರೆಗೆ ಕುತೂಹಲ ತಡೆಯಲಾರದೆ ಕೇಳಿದ.

"ನಿಮ್ಮ ಸಂಬಂಧಿಕರ ಹುಡುಗೀನಾ ಮೇಡಂ?"

"ಅಲ್ಲ. ನನ್ನ ಹತ್ತಿರ ಬಂದಿದ್ದಳು."

ಅಂಕಪಟ್ಟಿ ತೆಗೆದುಕೊಳ್ಳಲು ಒಬ್ಬ ಬಂದ, ವರ್ಗಾವಣೆ ಪತ್ರಕ್ಕೆ ಇಬ್ಬರು ಬಂದರು. ಪ್ರತಿ ಸಲ ಬಾಗಿಲ ಬೆಳಕು ಕದಲಿದಾಗ ಅವಳು ನೋಡಿದಳು. ಯಾರೂ ತಲೆ ತಗ್ಗಿಸಿ ಒಳಬರುವಷ್ಟು ಎತ್ತರವಿರಲಿಲ್ಲ. ಐದಕ್ಕೆ ಗುಮಾಸ್ತ ರಿಜಿಸ್ಟರು ತೆಗೆದು, ಅವಳ ಕಡೆಗೊಮ್ಮೆ ನೋಡಿ, ಐದೂಕಾಲಿನವರೆಗೆ ಸುಮ್ಮನಿದ್ದ. ಅವನದೂ ಒಳ್ಳೆಯ ಮನಸ್ಸು. ಆಮೇಲೆ, "ಬರೀಲಾ ಮೇಡಂ?" ಎಂದ.

"ಬರೀರಿ," ಎಂದಳು.

ಅವನು 'ಹಾಜರಾಗಿಲ್ಲ' ಎಂದು ಬರೆದು ಹಾಳೆ ತಿರುವಿದ. ಅವಳು ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ಹುಡುಗ ಹುಡುಗಿಯರು ಗುಂಪುಗುಂಪಾಗಿ ಬಸ್ಸಿನ ಕಡೆ ಹೋಗುತ್ತಿದ್ದರು. ಒಬ್ಬಳು "ನಮಸ್ತೆ ಮೇಡಂ" ಎಂದು ದಾರಿ ಬಿಟ್ಟಳು. ಅವಳ ಮುಖ ಪರಿಚಯವಿತ್ತು, ಯಾವ ತರಗತಿಯಲ್ಲಿ ಕೂತಿದ್ದಳೆಂದು ನೆನಪಾಗಲಿಲ್ಲ. ಸಮಾಲೋಚಕಿ ನಿಂತಳು.

"ನಿನ್ನ ಹೆಸರೇನಮ್ಮ?" ಎಂದು ಕೇಳಿದಳು. "ಮನೇಲಿ ಎಲ್ಲ ಹೇಗಿದ್ದಾರೆ?"

ಹುಡುಗಿ ಬಸ್ಸಿನ ಕಡೆ ಒಮ್ಮೆ ನೋಡಿ, ಹೇಳತೊಡಗಿದಳು. ಬಸ್ಸು ಹೋಯಿತು. ಇಬ್ಬರೂ ಅಲ್ಲೇ ನಿಂತಿದ್ದರು.